ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

(ಕ್ರಿಸ್ಮಸ್‌ಗೆ ಮುಂಚಿನ ವಾರಗಳಾದ ಆಗಮನ ಕಾಲದ ಒಂದು ಸಂಜೆ ಧ್ಯಾನಕೂಟದಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಗಮನ ಕಾಲದ ಸಂಜೆ, ಅದೂ ಕೆಲಸದ ದಿನ, ಬಿಡುವು ಮಾಡಿಕೊಂಡು ಬಂದಿದ್ದೀರಿ. ಹಿಂದಿನ ಸಾಲಿನಲ್ಲಿ ಕೆಲವರು ಬಾಗಿಲಿಗೆ ಹತ್ತಿರವಾಗಿ ಕೂತಿದ್ದೀರಿ. ಗಾಯನ ತಂಡದವರು ಅಲ್ವಾ? ಅರ್ಧದಲ್ಲಿ ಎದ್ದು ಹೋದರೆ ನನಗೇನೂ ಬೇಜಾರಿಲ್ಲ. ನಾನೂ ಎಷ್ಟೋ ವರ್ಷ ಅಲ್ಲೇ ಕೂತವಳು.

ಈ ತರಾತುರಿಯ ನಡುವೆ ದೇವರ ಪ್ರೀತಿಯನ್ನು ನೆನಪಿಟ್ಟುಕೊಳ್ಳುವುದು ಹೇಗೆ ಅಂತ ಮಾತಾಡಲು ನನಗೆ ಹೇಳಿದ್ದಾರೆ. ನಾನು ಒಂದೇ ಎಳೆ ಹಿಡಿದುಕೊಳ್ಳುತ್ತೇನೆ. ದೇವರು ಲೋಕವನ್ನು ಪ್ರೀತಿಸುತ್ತಾರೆ ಅಂತ ಒಪ್ಪುವುದು ನಮಗೆ ಕಷ್ಟವೇನಲ್ಲ. ಲೋಕ ದೊಡ್ಡದು, ಅದರಲ್ಲಿ ನಾವೂ ಎಲ್ಲೋ ಸೇರಿರುತ್ತೇವೆ. ಆದರೆ ದೇವರು ನನ್ನನ್ನು, ಈ ಒಬ್ಬಳನ್ನು, ಹೆಸರು ಹಿಡಿದು ಪ್ರೀತಿಸುತ್ತಾರೆ ಅಂದಾಗ ಒಳಗೆ ಏನೋ ಹಿಂಜರಿಕೆ. ಡಿಸೆಂಬರಿನಲ್ಲಂತೂ ಆ ಮಾತನ್ನು ಕೇಳಿಸಿಕೊಳ್ಳುವುದಕ್ಕೂ ಪುರುಸೊತ್ತು ಇರುವುದಿಲ್ಲ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಮಕ್ಕಳ ಕ್ರಿಸ್ಮಸ್ ನಾಟಕದ ಜವಾಬ್ದಾರಿ ನನ್ನದು. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವವರ ಜೊತೆ ಮಾತಾಡುವುದು, ಹಾಡಿನ ಪುಸ್ತಕ ಮಾಡಿಸುವುದು, ಇಲ್ಲದವರಿಗೆ ಬಟ್ಟೆ ಒಟ್ಟುಮಾಡುವುದು, ಅವೂ ನನ್ನ ತಲೆ ಮೇಲೆ. ಒಂದು ನೋಟ್‌ಬುಕ್ ಇತ್ತು, ಅದರ ತುಂಬ ಪಟ್ಟಿ. ಮುಗಿದ ಕೆಲಸದ ಮೇಲೆ ಗೀಟು ಎಳೆಯುವಾಗ ಸಿಗುವ ಸುಖ ನಿಮಗೂ ಗೊತ್ತಿರಬೇಕು. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನಾನು ಮಾಡಿದ ಪ್ರಾರ್ಥನೆ ಅಂದರೆ ಆ ಗೀಟುಗಳೇ.

ಎರಡನೇ ವಾರದ ಸೋಮವಾರ ಸಂಜೆ. ಪಾತ್ರಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆ. ಮಕ್ಕಳು ಮುತ್ತಿಕೊಂಡು ತಮ್ಮ ತಮ್ಮ ಹೆಸರು ಹುಡುಕುತ್ತಿದ್ದರು. ಎಂಟೊಂಬತ್ತು ವರ್ಷದ ಒಂದು ಹುಡುಗಿ ಮೇಲಿಂದ ಕೆಳಗೆ ಓದಿದಳು, ಮತ್ತೆ ಕೆಳಗಿಂದ ಮೇಲೆ ಓದಿದಳು. ಆಮೇಲೆ ನನ್ನ ಹತ್ತಿರ ಬಂದು, "ಟೀಚರ್, ನನ್ನ ಹೆಸರು ಬಂದಿಲ್ಲ" ಅಂದಳು. ನಾನು ಫೋನಿನಲ್ಲಿದ್ದೆ. ದೇವದೂತರ ಬಟ್ಟೆ ಹೊಲಿಯುವವರು ಅಳತೆ ಕೇಳುತ್ತಿದ್ದರು. ಫೋನಿಗೆ ಕೈ ಅಡ್ಡ ಹಿಡಿದು ಹೇಳಿದೆ: "ನೀನೂ ಕುರಿ ಆಗು ಪುಟ್ಟಾ. ಕುರಿ ಒಂದು ಜಾಸ್ತಿಯಾದರೂ ಕಮ್ಮಿಯಾದರೂ ಯಾರಿಗೂ ಗೊತ್ತಾಗಲ್ಲ."

ಅವಳು ತಲೆಯಾಡಿಸಿ ಹೋದಳು. ನಾನು ಮರೆತೂಬಿಟ್ಟೆ.

ಮಾರನೆಯ ದಿನ ಬೆಳಗಿನ ಪೂಜೆಗೆ ಹೋಗಿದ್ದೆ. ಹೋಗಿದ್ದೆ ಅಷ್ಟೇ. ಬೆಂಚಿನಲ್ಲಿ ಕೂತು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದೆ. ಶುಭಸಂದೇಶಕ್ಕೆ, ಅಂದರೆ ಯೇಸುವಿನ ಜೀವನದ ವಾಚನಕ್ಕೆ, ಎಲ್ಲರೂ ಎದ್ದರು, ನಾನೂ ಎದ್ದೆ. "ಒಬ್ಬನಿಗೆ ನೂರು ಕುರಿಗಳಿದ್ದು, ಅವುಗಳಲ್ಲಿ ಒಂದು ತಪ್ಪಿಸಿಕೊಂಡರೆ..." ಅಂತ ಓದಲು ಶುರು ಮಾಡಿದರು. ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯ. ಆಗಮನ ಕಾಲದ ಎರಡನೇ ಮಂಗಳವಾರ ಕಥೋಲಿಕ ದೇವಾಲಯಗಳಲ್ಲಿ ಸಾಮಾನ್ಯವಾಗಿ ಪ್ರತಿ ವರ್ಷವೂ ಓದುವುದು ಇದನ್ನೇ. ಎಷ್ಟು ಸಲ ಕೇಳಿದ್ದೆನೋ. ಆ ದಿನ ಮಾತ್ರ ನನಗೆ ತಲೆ ಎತ್ತುವುದಕ್ಕೆ ಆಗಲಿಲ್ಲ.

ಯೋಚಿಸಿ ನೋಡಿ. ನೂರು ಕುರಿಗಳೂ ತೊಂಬತ್ತೊಂಬತ್ತು ಕುರಿಗಳೂ ದೂರದಿಂದ ಒಂದೇ ಥರ ಕಾಣುತ್ತವೆ. ಅದೇ ದೂಳು, ಅದೇ ಗದ್ದಲ. ಒಂದು ಇಲ್ಲ ಅಂತ ಗೊತ್ತಾಗಬೇಕಾದರೆ ಹತ್ತಿರ ನಿಂತಿರಬೇಕು, ಒಂದೊಂದರ ಗುರುತೂ ಇರಬೇಕು. ಯಾರಿಗೂ ಗೊತ್ತಾಗಲ್ಲ ಅಂತ ನಾನು ಹೇಳಿದ್ದೆ. ಕುರುಬನಿಗೆ ಗೊತ್ತಾಗುತ್ತದೆ. ಕಥೆ ಇರುವುದೇ ಅಷ್ಟರ ಮೇಲೆ.

ಅವತ್ತಿನ ಮೊದಲ ವಾಚನವೂ ಹಾಗೆಯೇ. ಪ್ರವಾದಿ ಯೆಶಾಯನ 40ನೇ ಅಧ್ಯಾಯ, ಮೊದಲ 11 ವಚನ. ಆಗಮನ ಕಾಲ ಅಂದ ಕೂಡಲೇ ನಮಗೆ ನೆನಪಾಗುವ ಮಾತು ಇರುವುದು ಅಲ್ಲೇ: "ಪ್ರಭುವಿಗೆ ದಾರಿ ಸಿದ್ಧಮಾಡಿರಿ." ನನ್ನಂಥವರಿಗೆ ಬಹಳ ಹಿಡಿಸುವ ಮಾತು. ತಗ್ಗು ತುಂಬಿಸಬೇಕು, ದಿಬ್ಬ ಇಳಿಸಬೇಕು, ಕೆಲಸವೋ ಕೆಲಸ! ಆದರೆ ಆ ಭಾಗ ಶುರುವಾಗುವುದು "ಸಂತೈಸಿರಿ, ನನ್ನ ಜನರನ್ನು ಸಂತೈಸಿರಿ" ಎಂದು. ಮುಗಿಯುವುದು ಮರಿಗಳನ್ನು ತೋಳಿನಲ್ಲಿ ಎತ್ತಿ ಎದೆಗೆ ಅವಚಿಕೊಳ್ಳುವ ಕುರುಬನಲ್ಲಿ. ಮೊದಲು ಸಾಂತ್ವನ, ಕೊನೆಗೆ ಎದೆ. ದಾರಿ ರಿಪೇರಿ ನಡುವೆ ಬರುತ್ತದೆ. ನಾನು ಇಷ್ಟು ವರ್ಷ ನಡುವಿನದನ್ನು ಮಾತ್ರ ಓದಿಕೊಂಡು ಬಂದಿದ್ದೆ.

ಈ ಕಾಲದ ಹೆಸರನ್ನೇ ನೋಡಿ. ಲ್ಯಾಟಿನ್‌ನಲ್ಲಿ ಆದ್ವೆಂತುಸ್ ಅಂದರೆ ಬರುವಿಕೆ. ಕನ್ನಡದಲ್ಲೂ ಆಗಮನ ಅಂತಲೇ ಕರೆಯುತ್ತೇವೆ. ಬರುವವರು ಪ್ರಭು. ನಮ್ಮ ಸಿದ್ಧತೆಯ ಹೆಸರನ್ನು ಯಾರೂ ಈ ಕಾಲಕ್ಕೆ ಇಟ್ಟಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ ಶುರುವಾಗುತ್ತದೆ. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಯಾವತ್ತಾದರೂ ಬೀಳಬಹುದು. ಹಾಗಾಗಿ ಒಂದು ವರ್ಷ 28 ದಿನ, ಇನ್ನೊಂದು ವರ್ಷ ಬರೀ 22. 2023ರಲ್ಲಿ ನಾಲ್ಕನೇ ಭಾನುವಾರವೇ ಡಿಸೆಂಬರ್ 24 ಆಗಿತ್ತು. ಬೆಳಗ್ಗೆ ಆಗಮನ ಕಾಲ, ರಾತ್ರಿ ಕ್ರಿಸ್ಮಸ್. ಹೂವಿನ ಅಲಂಕಾರ ಮಾಡುವವರನ್ನು ಕೇಳಿ, ಆ ದಿನ ಹೇಗಿತ್ತು ಅಂತ ಹೇಳುತ್ತಾರೆ.

ಸರಿ, ಪಟ್ಟಿಯ ವಿಷಯಕ್ಕೆ ಬರೋಣ. ಡಿಸೆಂಬರ್ 17ನೇ ತಾರೀಕು ಪೂಜೆಯಲ್ಲಿ ಒಂದು ಪಟ್ಟಿಯನ್ನೇ ಓದುತ್ತಾರೆ. ಮತ್ತಾಯನ ಮೊದಲನೇ ಅಧ್ಯಾಯ, ಯೇಸುವಿನ ವಂಶಾವಳಿ. ಅಬ್ರಹಾಮನಿಂದ ಇಸಾಕ, ಇಸಾಕನಿಂದ ಯಕೋಬ... ಓದುವವರಿಗೆ ನಾಲಿಗೆ ಹೊರಳುವುದಿಲ್ಲ, ಕೇಳುವವರಿಗೆ ಆಕಳಿಕೆ. ನಾನೂ ಆಕಳಿಸಿದ್ದೇನೆ. ಈಗ ವರ್ಷಪೂರ್ತಿ ನಾನು ಕಾಯುವ ವಾಚನ ಅದು.

ರಾಜವಂಶದ ಪಟ್ಟಿ ಅಂದರೆ ದೊಡ್ಡವರ ಹೆಸರು ಹೊಳೆಯಬೇಕು, ಬೇಡದ ಹೆಸರು ಸುಮ್ನೆ ಜಾರಿಕೊಳ್ಳಬೇಕು. ಮತ್ತಾಯ ಹಾಗೆ ಮಾಡುವುದಿಲ್ಲ. ಮರಿಯಮ್ಮನವರನ್ನು ಬಿಟ್ಟರೆ ನಾಲ್ಕು ಹೆಂಗಸರು ಬರುತ್ತಾರೆ. ಮಾವನ ಮನೆಯವರಿಂದ ಅನ್ಯಾಯವಾಗಿ, ಕೊನೆಗೆ ವೇಷ ಹಾಕಿಕೊಂಡು ತನ್ನ ಹಕ್ಕು ಪಡೆದ ತಾಮಾರಳು. ಜೆರಿಕೋ ಪಟ್ಟಣದ ವೇಶ್ಯೆ ರಾಹಾಬಳು. ಮೋವಾಬ್ ದೇಶದ ವಿಧವೆ ರೂತಳು. ನಾಲ್ಕನೆಯವಳ ಹೆಸರನ್ನು ಮತ್ತಾಯ ಹೇಳುವುದಿಲ್ಲ. "ಊರೀಯನ ಹೆಂಡತಿ" ಅನ್ನುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಅವಳು ಬತ್ಷೆಬೆ ಅಂತ ಎಲ್ಲರಿಗೂ ಗೊತ್ತು. ಅವಳ ಹೆಸರು ಬಿಟ್ಟಿದ್ದು ಯಾಕೆ ಅಂತ ನನಗೆ ಮೊದಲು ಸಿಟ್ಟು ಬಂದಿತ್ತು. ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಊರೀಯ ಯಾರು? ರಾಜ ದಾವೀದನ ಸೈನ್ಯದಲ್ಲಿದ್ದ ಪರದೇಶದವನು, ಹಿತ್ತಿಯ ಜನಾಂಗದವನು. ಅವನ ಹೆಂಡತಿಯನ್ನು ರಾಜ ತೆಗೆದುಕೊಂಡ. ವಿಷಯ ಮುಚ್ಚಿಹಾಕಲು ಅವನನ್ನು ಯುದ್ಧದ ಮುಂಚೂಣಿಗೆ ಹಾಕಿಸಿ ಸಾಯಿಸಿದ. ಸಾವಿನ ಆ ಪತ್ರವನ್ನು ಒಯ್ದವನೂ ಊರೀಯನೇ. ಯೇಸುವಿಗೆ ಅವನು ರಕ್ತಸಂಬಂಧಿಯಲ್ಲ. ಈ ಪಟ್ಟಿಯಲ್ಲಿ ಅವನಿಗೆ ಏನೂ ಕೆಲಸವಿಲ್ಲ. ಆದರೂ ಇದ್ದಾನೆ. ರಾಜ ಯಾವ ಹೆಸರನ್ನು ಅಳಿಸಿಹಾಕಿದೆ ಅಂದುಕೊಂಡಿದ್ದನೋ ಆ ಹೆಸರು ಶುಭಸಂದೇಶದ ಮೊದಲ ಪುಟದಲ್ಲಿ, ಅದೇ ರಾಜನ ಪಕ್ಕದಲ್ಲಿ ಕೂತಿದೆ. ದೇವರಿಗೆ ಊರೀಯ ನೆನಪಿದ್ದಾನೆ. ನನಗೆ ಇದು ಗೋದಲಿಗಿಂತ ದೊಡ್ಡ ಸಮಾಧಾನ ಅನ್ನಿಸಿದ ದಿನಗಳಿವೆ.

ವಂಶಾವಳಿಯ ಕೊನೆಯ ಗುಂಪಿಗೆ ಬನ್ನಿ. ಅಜೋರ, ಸದೋಕ, ಅಖೀಮ, ಎಲಿಹೂದ. ಇವರು ಯಾರು? ಹೆಸರೊಂದನ್ನು ಬಿಟ್ಟರೆ ಬೇರೇನೂ ಉಳಿದಿಲ್ಲ. ಯುದ್ಧ ಗೆಲ್ಲಲಿಲ್ಲ, ಕೀರ್ತನೆ ಬರೆಯಲಿಲ್ಲ. ಮದುವೆಯಾದರು, ಮಕ್ಕಳನ್ನು ಸಾಕಿದರು, ತೀರಿಕೊಂಡರು. ಅಷ್ಟು ಸಾಕಾಯಿತು ಪಟ್ಟಿಗೆ. (ಇನ್ನೊಂದು ತಮಾಷೆ. ಹದಿನಾಲ್ಕು ಹದಿನಾಲ್ಕರಂತೆ ಮೂರು ಗುಂಪು ಅಂತ ಮತ್ತಾಯ ಹೇಳುತ್ತಾನೆ. ಕೊನೆಯ ಗುಂಪನ್ನು ಎಣಿಸಿದರೆ ಹದಿಮೂರೇ ಹೆಸರು ಸಿಗುತ್ತದೆ. ಪಂಡಿತರು ಇದಕ್ಕೆ ನಾನಾ ವಿವರಣೆ ಕೊಡುತ್ತಾರೆ. ನಾಟಕದ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟ ನನಗೆ ಮತ್ತಾಯನ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ.)

ಇಷ್ಟು ಕೇಳಿದ ಮೇಲೆ, "ಹಾಗಾದರೆ ಕೆಲಸ ಬಿಟ್ಟು ಕಣ್ಣು ಮುಚ್ಚಿ ಕೂರಬೇಕಾ?" ಅಂತ ನೀವು ಕೇಳಬಹುದು. ಕೆಲಸ ಕಮ್ಮಿ ಮಾಡಿ ಅಂತ ಉಪದೇಶ ಕೊಡುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಸಾಮಾನ್ಯವಾಗಿ ಅವರ ಕೆಲಸವನ್ನು ಬೇರೆ ಯಾರೋ ಮಾಡುತ್ತಿರುತ್ತಾರೆ. ಇಂಥ ಕಡೆ ಪಾಪ, ಮಾರ್ತಳನ್ನು ಎಳೆದು ತರುತ್ತಾರೆ. ಲೂಕನ 10ನೇ ಅಧ್ಯಾಯ. ಮಾರ್ತಾ ಉಪಚಾರದಲ್ಲಿ ಮುಳುಗಿದ್ದಳು, ಅವಳ ತಂಗಿ ಮರಿಯಾ ಪ್ರಭುವಿನ ಪಾದದ ಬಳಿ ಕೂತಿದ್ದಳು. ಯೇಸು ಮಾರ್ತಳನ್ನು ಗದರಿದರು, ಕಥೆ ಮುಗಿಯಿತು!

ನನಗೆ ಹಾಗೆ ಕೇಳಿಸುವುದಿಲ್ಲ. "ಮಾರ್ತಾ, ಮಾರ್ತಾ" ಅಂದರು ಅವರು. ಹೆಸರನ್ನು ಎರಡು ಸಲ ಕರೆದರು. ಬೈಬಲಿನಲ್ಲಿ ಇದು ಅಪರೂಪ, ಮತ್ತು ಸುಮ್ಮಸುಮ್ಮನೆ ಬರುವುದಿಲ್ಲ. ಮಗನ ಮೇಲೆ ಕತ್ತಿ ಎತ್ತಿದ್ದಾಗ "ಅಬ್ರಹಾಮನೇ, ಅಬ್ರಹಾಮನೇ." ಉರಿಯುವ ಪೊದೆಯಿಂದ "ಮೋಶೆ, ಮೋಶೆ." ರಾತ್ರಿ ಮಲಗಿದ್ದ ಹುಡುಗನಿಗೆ "ಸಮುವೇಲ, ಸಮುವೇಲ." ದಮಸ್ಕದ ದಾರಿಯಲ್ಲಿ "ಸೌಲನೇ, ಸೌಲನೇ." ಆ ಸಾಲಿಗೆ ಸೇರಿದವಳು ಅಡುಗೆಮನೆಯಿಂದ ಸಿಟ್ಟಿನಲ್ಲಿ ಹೊರಗೆ ಬಂದ ಈ ಹೆಂಗಸು. ಅವಳು ತಂಗಿಯ ಮೇಲೆ ದೂರು ಹೇಳಿದಳು. ಅವರು ಮೊದಲು ದೂರಿಗೆ ಉತ್ತರ ಕೊಡಲಿಲ್ಲ, ಅವಳನ್ನು ಕರೆದರು. ಎರಡನೆಯ ಸಲ ಕರೆದಾಗಲೇ ಅವಳು ಕೈಯಲ್ಲಿದ್ದದ್ದನ್ನು ಕೆಳಗೆ ಇಟ್ಟಿರಬೇಕು ಅಂತ ನಾನು ಊಹಿಸಿಕೊಳ್ಳುತ್ತೇನೆ.

ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ, 5ನೇ ವಚನ ತೆಗೆದು ನೋಡಿ. ಯೇಸು ಮಾರ್ತಳನ್ನೂ ಅವಳ ತಂಗಿಯನ್ನೂ ಲಾಜರನನ್ನೂ ಪ್ರೀತಿಸುತ್ತಿದ್ದರು ಅಂತಿದೆ. ಪಟ್ಟಿಯಲ್ಲಿ ಮೊದಲ ಹೆಸರು ಯಾರದ್ದು? ಪಾದದ ಬಳಿ ಕೂತವಳು ಆ ವಚನದಲ್ಲಿ ಬರೀ "ತಂಗಿ." 12ನೇ ಅಧ್ಯಾಯದಲ್ಲಿ, ಯೆಹೂದ್ಯರ ಪಾಸ್ಕ ಹಬ್ಬಕ್ಕೆ ಆರು ದಿನ ಮುಂಚೆ, ಮತ್ತೆ ಅದೇ ಮನೆಯವರ ನಡುವೆ ಊಟ. ಅಲ್ಲೂ "ಮಾರ್ತಾ ಬಡಿಸುತ್ತಿದ್ದಳು." ಕೆಲಸ ಬಿಡಲಿಲ್ಲ ಅವಳು! ಈ ಸಲ ದೂರು ಮಾತ್ರ ಇಲ್ಲ. ನಡುವೆ ಏನಾಗಿತ್ತು? ಅಣ್ಣ ಸತ್ತಾಗ ಅವಳು ದಾರಿಗೆ ಓಡಿಹೋಗಿ ಪ್ರಭುವಿನ ಜೊತೆ ಜಗಳ ಆಡಿದ್ದಳು, ನಂಬಿಕೆಯನ್ನೂ ಹೇಳಿಕೊಂಡಿದ್ದಳು. ತನ್ನನ್ನು ಪ್ರೀತಿಸುವವರು ಇವರು ಅಂತ ಗೊತ್ತಾದ ಮೇಲೆ ಬಡಿಸುವ ಕೈಯೂ ಬೇರೆ ಥರ ಆಗುತ್ತದೇನೋ.

ಇನ್ನೊಬ್ಬರ ಬಗ್ಗೆ ಹೇಳಿ ನನ್ನ ಭಾಗ ಮುಗಿಸುತ್ತೇನೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಕೆರ್ನ್ ಅಂತ ಒಬ್ಬರಿದ್ದರು. ಬೀದಿಪಾಲಾದ ಬಡ ಮಕ್ಕಳಿಗಾಗಿ 1833ರಲ್ಲಿ ಒಂದು ಮನೆ ತೆರೆದಿದ್ದರು. ಆಗಮನ ಕಾಲ ಬಂದರೆ ಮಕ್ಕಳು ದಿನಾ ಪೀಡಿಸುತ್ತಿದ್ದರಂತೆ, ಕ್ರಿಸ್ಮಸ್‌ಗೆ ಇನ್ನು ಎಷ್ಟು ದಿನ ಅಂತ. ಅಂಥ ಮನೆ ನಡೆಸುವವರಿಗೆ ಡಿಸೆಂಬರಿನಲ್ಲಿ ಎಷ್ಟು ಕೆಲಸ ಇದ್ದಿರಬೇಡ! "ಬರುತ್ತೆ ಹೋಗಿ" ಅಂತ ನಾನಾಗಿದ್ದರೆ ಅಟ್ಟುತ್ತಿದ್ದೆ. ಅವರು 1839ರಲ್ಲಿ ಒಂದು ಹಳೆಯ ಗಾಡಿಯ ಚಕ್ರ ತೆಗೆದುಕೊಂಡು ಅದರ ಮೇಲೆ ಮೇಣದಬತ್ತಿ ನಿಲ್ಲಿಸಿದರು. ವಾರದ ದಿನಗಳಿಗೆ 20 ಪುಟ್ಟ ಕೆಂಪು ಬತ್ತಿ, ಭಾನುವಾರಗಳಿಗೆ 4 ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹಚ್ಚಿದರು. ಆಗಮನದ ಹಾರ ಅಂತ ಇವತ್ತು ಎಷ್ಟೋ ದೇವಾಲಯಗಳಲ್ಲಿ ಇಡುತ್ತೇವಲ್ಲ, ನಾಲ್ಕು ಬತ್ತಿಯದು, ಅದರ ಬೇರು ಅಲ್ಲಿದೆ. ಅಲಂಕಾರಕ್ಕೆ ಅಂತ ಹುಟ್ಟಿದ್ದಲ್ಲ ಅದು. ಪೀಡಿಸುವ ಮಕ್ಕಳ ಪ್ರಶ್ನೆಯನ್ನು ಒಬ್ಬರು ಗಂಭೀರವಾಗಿ ತೆಗೆದುಕೊಂಡದ್ದರಿಂದ ಹುಟ್ಟಿದ್ದು.

ಈಗ ನಾನು ಮಾಡುವುದು ಇಷ್ಟೇ. ನೋಟ್‌ಬುಕ್ ಇನ್ನೂ ಇದೆ. ಬೆಳಗ್ಗೆ ತೆರೆದಾಗ ಮೊದಲು ನನ್ನ ಹೆಸರು ಬರೆಯುತ್ತೇನೆ. ಕೆಳಗೆ ಯೆಶಾಯನ 43ನೇ ಅಧ್ಯಾಯದ ಮೊದಲ ವಚನದ ತುಣುಕು: "ಭಯಪಡಬೇಡ, ನಿನ್ನ ಹೆಸರು ಹಿಡಿದು ಕರೆದಿದ್ದೇನೆ, ನೀನು ನನ್ನವಳು." ಅದನ್ನು ಎರಡು ಸಲ ನಿಧಾನವಾಗಿ ಓದುತ್ತೇನೆ. ಮನಸ್ಸು ಓಡುತ್ತಿದ್ದರೆ ಮೂರು ಸಲ. ಆಮೇಲೆ ಕೆಲಸಗಳ ಪಟ್ಟಿ. ಅದರಲ್ಲೂ ಸ್ವಲ್ಪ ಬದಲಾಯಿಸಿಕೊಂಡಿದ್ದೇನೆ. "ಬಟ್ಟೆ ವಿಚಾರ" ಅಂತ ಬರೆಯುವ ಬದಲು ಹೊಲಿಯುವವರ ಹೆಸರು ಬರೆಯುತ್ತೇನೆ. ಕೆಲಸ ಅಷ್ಟೇ ಇರುತ್ತದೆ. ಫೋನಿನಲ್ಲಿ ನನ್ನ ದನಿ ಮಾತ್ರ ಸ್ವಲ್ಪ ಬೇರೆ ಇರುತ್ತದಂತೆ, ಹಾಗಂತ ಅವರೇ ಹೇಳಿದರು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ನೆನಪಿದ್ದಷ್ಟು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು ಕೇಳಿದರು: "ಯೆಶಾಯನ ಆ ಮಾತು ಇಡೀ ಇಸ್ರಯೇಲ್ ಜನಾಂಗಕ್ಕೆ ಹೇಳಿದ್ದಲ್ವಾ? ನಾನೊಬ್ಬ ಅದನ್ನು ನನ್ನದು ಅನ್ನಬಹುದಾ?" ಸರಿಯಾದ ಪ್ರಶ್ನೆ. ಬಾಬಿಲೋನಿಗೆ ಸೆರೆಹೋದ ಜನರಿಗೆ, ಕ್ರಿ.ಪೂ. 6ನೇ ಶತಮಾನದಲ್ಲಿ ಬಂದ ಮಾತು ಅದು. ಆದರೆ ಒಳ್ಳೆಯ ಕುರುಬ ತನ್ನ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ ಅಂತ ಯೇಸುವೇ ಹೇಳಿದರು. ಪೌಲನೂ ಗಲಾತ್ಯರಿಗೆ ಬರೆಯುವಾಗ ಒಂದು ಕಡೆ "ನಮ್ಮನ್ನು" ಅನ್ನುವುದನ್ನು ಬಿಟ್ಟು "ನನ್ನನ್ನು ಪ್ರೀತಿಸಿ ನನಗಾಗಿ ತಮ್ಮನ್ನೇ ಒಪ್ಪಿಸಿಕೊಟ್ಟರು" ಅಂದ. ಪ್ರತಿಯೊಬ್ಬರನ್ನೂ ಅವರೊಬ್ಬರೇ ಇದ್ದಾರೇನೋ ಅನ್ನುವಂತೆ ದೇವರು ನೋಡಿಕೊಳ್ಳುತ್ತಾರೆ ಅಂತ ಸಂತ ಅಗಸ್ಟೀನರ ಮಾತೂ ಇದೆ. ಜನಾಂಗಕ್ಕೆ ಹೇಳಿದ್ದು ನನಗೂ ಸೇರುತ್ತದೆ, ನನ್ನ ಪಕ್ಕದವರಿಗೂ ಅಷ್ಟೇ ಸೇರುತ್ತದೆ. ಎರಡನೆಯದನ್ನು ಮರೆತರೆ ಮೊದಲನೆಯದು ಜಂಬವಾಗಿಬಿಡುತ್ತದೆ.

ಇನ್ನೊಬ್ಬ ತಾಯಿ ಎದ್ದು ನಿಂತರು. ಆ ವರ್ಷ ಅವರ ಮನೆಯಲ್ಲಿ ಒಂದು ಸಾವಾಗಿತ್ತು. "ನನಗೆ ಏನೂ ಅನ್ನಿಸುವುದೇ ಇಲ್ಲಮ್ಮ. ದೇವರು ನನ್ನನ್ನು ಮರೆತಿದ್ದಾರೆ" ಅಂದರು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಯೆಶಾಯನ 49ನೇ ಅಧ್ಯಾಯ ತೆಗೆದು ಓದಿದೆ. "ಪ್ರಭು ನನ್ನನ್ನು ಕೈಬಿಟ್ಟಿದ್ದಾರೆ, ನನ್ನನ್ನು ಮರೆತಿದ್ದಾರೆ" ಅಂತ ಸಿಯೋನ್, ಅಂದರೆ ಜೆರುಸಲೇಮ್, ಹೇಳುವ ಮಾತು ಅಲ್ಲಿದೆ, 14ನೇ ವಚನ. ನೀವು ಹೇಳಿದ್ದು ಅದೇ ಮಾತು ಅಮ್ಮಾ, ಅದು ಬೈಬಲಿನ ಒಳಗೇ ಇದೆ, ಹೇಳಬಾರದ್ದೇನೂ ನೀವು ಹೇಳಲಿಲ್ಲ ಅಂದೆ. ಅದರ ಮುಂದೆ ದೇವರು ಕೇಳುತ್ತಾರೆ, ಹಾಲುಕುಡಿಯುವ ಕೂಸನ್ನು ತಾಯಿ ಮರೆತಾಳೇ ಅಂತ. ಅವಳು ಮರೆತರೂ ನಾನು ಮರೆಯೆ, ನನ್ನ ಅಂಗೈಗಳಲ್ಲಿ ನಿನ್ನನ್ನು ಕೆತ್ತಿಕೊಂಡಿದ್ದೇನೆ ಅನ್ನುತ್ತಾರೆ. ಮರೆಯಬಾರದ್ದನ್ನು ನಾವೂ ಪೆನ್ನಿನಲ್ಲಿ ಅಂಗೈ ಮೇಲೆ ಬರೆದುಕೊಳ್ಳುತ್ತೇವೆ. ಕೈ ತೊಳೆದರೆ ಹೋಗುತ್ತದೆ. ಕೆತ್ತಿದ್ದು ಹೋಗುವುದಿಲ್ಲ, ಕೆತ್ತಿಸಿಕೊಂಡ ಕೈಗೆ ನೋವೂ ಆಗಿರುತ್ತದೆ. ಈ ವರ್ಷ ಮನೆಯಲ್ಲಿ ನಕ್ಷತ್ರ ಕಟ್ಟದಿದ್ದರೆ ಏನೂ ಆಗುವುದಿಲ್ಲ ಅಂತಲೂ ಹೇಳಿದೆ. ಅವರು ಕೂತರು. ಪಕ್ಕದಲ್ಲಿದ್ದವರು ಅವರ ಕೈ ಹಿಡಿದುಕೊಂಡರು. ನನ್ನ ಮಾತಿಗಿಂತ ಅದು ಮೇಲು.

ಕೊನೆಗೆ ಗಾಯನ ತಂಡದ ಹುಡುಗನೊಬ್ಬ, ಬಾಗಿಲ ಹತ್ತಿರ ಕೂತಿದ್ದವನು, ಕೈ ಎತ್ತಿದ. ಅವನು ಹೋಗಿರಲೇ ಇಲ್ಲ. "ಆ ಹುಡುಗಿ ಏನಾದಳು ಟೀಚರ್?" ಅಂದ.

ಕುರಿಯ ಕಥೆ ಕೇಳಿದ ಆ ದಿನ ಸಂಜೆಯೇ ಅವಳನ್ನು ಕರೆದೆ. ತಪ್ಪಾಯಿತು ಪುಟ್ಟಾ ಅಂದೆ. ಯಾವ ಪಾತ್ರ ಬೇಕು ಹೇಳು, ದೇವದೂತೆ ಮಾಡಲಾ ಅಂತ ಕೇಳಿದೆ. ಬೇಡ, ಕುರಿಯೇ ಸಾಕು, ಹೆಸರು ಬರೆಯಿರಿ ಅಂದಳು. ಗೋಡೆಯ ಪಟ್ಟಿಯ ಕೆಳಗೆ, ಜಾಗ ಮಾಡಿಕೊಂಡು, ಅವಳ ಹೆಸರು ಬರೆದೆ. ಮುಂದೆ "ಕುರಿ" ಅಂತ ಹಾಕಿದೆ. ಅವಳು ಹತ್ತಿರ ಬಂದು ಓದಿದಳು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಹೆಸರಿನಲ್ಲಿ ನಾನು ತಪ್ಪು ಬರೆದಿದ್ದ ಒಂದು ಅಕ್ಷರವನ್ನು ತಿದ್ದಿದಳು.